ಕೆಂಪು ಸೀರೆಯ ಮೇಲೆ ಎರವಲು ಜರ್ಕಿನ್

ಹೋದ ತಿಂಗಳು ಭದ್ರಾವತಿಯಲ್ಲಿ ಒಂದು ನಾಮಕರಣವಿತ್ತು. ನಾನೂ ನನ್ನ ಅತ್ತಿಗೆ ಗಿರಿಜಮ್ಮನೂ ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೊರಟೆವು. ಜಿಟಿಜಿಟಿ ಮಳೆ. ಕಬ್ಬಿಣದ ಕಾರ್ಖಾನೆಯ ದೊಡ್ಡ ಗೇಟಿನ ಎದುರು ಯಾರನ್ನೋ ಇಳಿಸಲು ಬಸ್ಸು ನಿಂತಾಗ, ಒಳಗೆ ರಾಶಿ ಬಿದ್ದಿದ್ದ ಗುಜರಿಯೆಲ್ಲ ನೆನೆದು ಎದ್ದ ತುಕ್ಕಿನ ವಾಸನೆ ಕಿಟಕಿಯಿಂದ ಒಳಕ್ಕೆ ನುಗ್ಗಿತು. ಅದರ ಜೊತೆಗೆ ಬಸ್ಸಿನ ಡೀಸೆಲ್ಲು, ಮುಂದಿನ ಸೀಟಿನ ಹೆಂಗಸಿನ ಚೀಲದಲ್ಲಿದ್ದ ಒಣಮೀನು. ಅತ್ತಿಗೆ ಸೆರಗನ್ನು ಮೂಗಿಗೆ ಹಿಡಿದವರು ಮೆಲ್ಲಗೆ ಕೆಳಗಿಳಿಸಿದರು.

"ಥೇಟ್ ಅಲ್ಲಿದೇ ವಾಸನೆ ಅಲ್ವೇನೇ ಸುಮಾ?" ಎಂದರು.

"ಹೂಂ" ಎಂದೆ. ಎಲ್ಲಿಯದು ಎಂದು ಕೇಳಬೇಕಾಗಿರಲಿಲ್ಲ. ನಾವಿಬ್ಬರೂ ಈ ಜನ್ಮದಲ್ಲಿ ನೋಡಿದ ಪರದೇಶವೆಂದರೆ ಜಪಾನಿನ ಒನೊಮಿಚಿ ಎಂಬ ಹಳೆಯ ಬಂದರು ಊರೊಂದೇ. ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ಚಳಿಯಲ್ಲಿ, ವಾರದ ಮೇಲೆ ಒಂದೆರಡು ದಿನ ಆ ಊರನ್ನು ಕಾಲು ಸವೆಯುವಷ್ಟು ಸುತ್ತಿದ್ದೆವು. ನಮ್ಮ ವೀಸಾದಲ್ಲಿ ಪ್ರವಾಸ ಎಂದಿತ್ತು. ನಾವು ಹೋಗಿದ್ದು ನನ್ನ ಅಣ್ಣನನ್ನು ಹುಡುಕಲು.

ಮಂಜಣ್ಣ ಈ ಕಾರ್ಖಾನೆಯಲ್ಲೇ ಗುತ್ತಿಗೆ ವೆಲ್ಡರ್ ಆಗಿದ್ದ. ನಮ್ಮಪ್ಪ ಇದೇ ಗೇಟಿನಿಂದ ಒಳಗೆ ಹೋಗಿ ಹೊರಗೆ ಬಂದು ಆಯಸ್ಸು ಕಳೆದವರು. ನಾವು ಹುಟ್ಟಿ ಬೆಳೆದದ್ದೆಲ್ಲ ಕ್ವಾರ್ಟರ್ಸಿನಲ್ಲಿ, ಎಡಕ್ಕೊಂದು ತಮಿಳರ ಮನೆ, ಬಲಕ್ಕೊಂದು ತೆಲುಗರ ಮನೆ. ಕುಲುಮೆಗಳು ಆರುತ್ತಾ ಬಂದ ಹಾಗೆ ಮೊದಲು ಹೊರಬಿದ್ದವರು ಗುತ್ತಿಗೆಯವರು. ಅಣ್ಣ ಒಂದೆರಡು ವರ್ಷ ಗ್ರಿಲ್ಲು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಎಂದು ಮಾಡಿ, ಕೊನೆಗೆ ಯಾರೋ ಏಜೆಂಟನ ಮೂಲಕ ಜಪಾನಿಗೆ, ಹಡಗು ಕಟ್ಟಿ ರಿಪೇರಿ ಮಾಡುವ ಹಡಗು ಕಟ್ಟೆಯ ಕೆಲಸಕ್ಕೆ ಹೋದ. ಹೋಗುವಾಗ ಅತ್ತಿಗೆಗೆ, "ಒಂದು ವರ್ಷ ತಡ್ಕೋ ಮಾರಾಯ್ತಿ, ನಿನ್ನೂ ಕರೆಸ್ಕೋತೀನಿ, ಇಬ್ರೂ ಊರು ನೋಡ್ಕೊಂಡು ಬರೋಣ" ಎಂದಿದ್ದ. ಮಕ್ಕಳಿಲ್ಲದ ಜೋಡಿ. ಅತ್ತಿಗೆ ಅದನ್ನು ಗಂಟು ಹಾಕಿಕೊಂಡು ಕೂತರು.

ಏಪ್ರಿಲಿನಿಂದ ಪ್ರತಿ ಭಾನುವಾರ ಫೋಟೋ ಬರತೊಡಗಿತು. ಕಲ್ಲಿನ ಮೆಟ್ಟಿಲ ಮೇಲೆ ಅಣ್ಣ, ಮೂರಂತಸ್ತಿನ ಗೋಪುರದ ಮುಂದೆ ಅಣ್ಣ, ದೋಣಿಯ ಕಟಕಟೆ ಹಿಡಿದು ಅಣ್ಣ, ಗೋಡೆ ಮೇಲೆ ಮಲಗಿದ ಬೆಕ್ಕಿನ ಪಕ್ಕದಲ್ಲಿ ಹಲ್ಲು ಕಿರಿದ ಅಣ್ಣ. ಎಲ್ಲದರಲ್ಲೂ ಎಲ್ಲಾದರೊಂದು ಕಡೆ ಬಿಳಿ ಗುಲಾಬಿ ಬಣ್ಣದ ಹೂವು. ಅದೇ ನೀಲಿ ಶರಟು. "ಜಪಾನಿಗೆ ಹೋದ್ರೂ ಇವನಿಗೆ ಇನ್ನೊಂದು ಶರ್ಟ್ ತಗೊಳೋ ಯೋಗ್ಯತೆ ಇಲ್ಲ" ಎಂದು ನಾನು ಆಡಿಕೊಂಡಿದ್ದೆ. ಆಷಾಢಕ್ಕೆ ಫೋನು ನಿಂತಿತು, ಫೋಟೋ ಮಾತ್ರ ಬರುತ್ತಿತ್ತು. ಗಣೇಶನ ಹಬ್ಬದ ಮಾರನೇ ವಾರದಿಂದ ಅದೂ ಇಲ್ಲ. ಏಜೆಂಟನನ್ನು ಹಿಡಿದು ಕೇಳಿದರೆ, ನಿಮ್ಮಣ್ಣ ಆ ಕಂಪನಿ ಬಿಟ್ಟು ಮಳೆಗಾಲದಲ್ಲೇ ಹೋದ, ಎಲ್ಲಿಗೆ ಅಂತ ಗೊತ್ತಿಲ್ಲ ಎಂದ. ಅಲ್ಲಿನ ಪೊಲೀಸರಿಗೆ ಬರೆದು ಕೇಳಿಸಿದರೆ, ವಯಸ್ಸಿಗೆ ಬಂದ ಮನುಷ್ಯ ತಾನಾಗೇ ಹೋಗಿದ್ದಾನೆ, ವಿಷಯ ತಿಳಿದರೆ ತಿಳಿಸುತ್ತೇವೆ ಎಂಬ ಮರ್ಯಾದೆಯ ಉತ್ತರ.

"ಫೋಟೋ ಗಣೇಶನ ಹಬ್ಬದ ತನಕ ಬಂದಿದೆ. ಅಂದ್ರೆ ಅಲ್ಲೀವರೆಗೂ ಅದೇ ಊರಲ್ಲಿದ್ರು. ಈಗ್ಲೂ ಇರ್ತಾರೆ. ಹೋಗೋಣ" ಎಂದರು ಅತ್ತಿಗೆ. ಶಿವಮೊಗ್ಗದ ಅಂಚಿನ ತೋಟದ ಮನೆಯ ಮಗಳು, ಹಟ ಹಿಡಿದರೆ ಮುಗಿಯಿತು. ಅವರಪ್ಪ ಖರ್ಚು ಹೊತ್ತರು. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು, ನಾಲ್ಕು ಇಂಗ್ಲಿಷ್ ಮಾತು ಬರುತ್ತದೆ, ಗಂಡ ಮಕ್ಕಳ ಕಾಟವಿಲ್ಲ. ಹಾಗಾಗಿ ಜೊತೆಗೆ ನಾನು.

ಊರೇನೋ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಸಿಟ್ಟು ಬರಿಸುತ್ತಿತ್ತು. ಮುಂದೆ ಸಮುದ್ರ, ಬೆನ್ನಿಗೆ ಗುಡ್ಡ, ಅವೆರಡರ ನಡುವೆ ಸಿಕ್ಕಿಕೊಂಡ ಊರು. ಸಮುದ್ರವೆಂದರೆ ಎದುರಿಗೊಂದು ದ್ವೀಪ, ನಡುವೆ ಸಣ್ಣ ಪಟ್ಟಿಯಷ್ಟು ನೀರು. "ಇದನ್ನ ಸಮುದ್ರ ಅಂತಾರಾ? ಮಳೆಗಾಲದಲ್ಲಿ ನಮ್ಮ ತುಂಗೆನೇ ಇದಕ್ಕಿಂತ ಜೋರಾಗಿರ್ತಾಳಪ್ಪ" ಎಂದರು ಅತ್ತಿಗೆ. ಗುಡ್ಡದ ತುಂಬ ಹಳೆಯ ಮನೆಗಳು, ದೇವಸ್ಥಾನಗಳು, ಒಬ್ಬರು ಹೋದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದಂಥ ಮೆಟ್ಟಿಲ ಓಣಿಗಳು. ಕಾರು ಹೋಗದು, ಸ್ಕೂಟರು ಹೋಗದು. ನಡೆಯಬೇಕು, ಇಲ್ಲವೇ ಮನೆಯಲ್ಲಿರಬೇಕು.

ನಾವು ಇಳಿದುಕೊಂಡಿದ್ದ ಸಣ್ಣ ವಸತಿಮನೆಯನ್ನು ನಡೆಸುತ್ತಿದ್ದವರು ಒಬ್ಬ ಅಜ್ಜಿ. ಬಗ್ಗಿ ಬಗ್ಗಿ ನಮಸ್ಕಾರ ಮಾಡಿ, ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ ಊರಿನ ನಕ್ಷೆ ಕೊಟ್ಟರು. ನಡೆದು ನೋಡಬೇಕಾದ ದಾರಿಯನ್ನು ಅದರಲ್ಲಿ ಕೆಂಪು ಗೆರೆಯಲ್ಲಿ ಗುರುತು ಮಾಡಿದ್ದರು. ಅಣ್ಣನ ಫೋಟೋಗಳನ್ನೆಲ್ಲ ನಾನು ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ನೋಡಿದರೆ ಎಲ್ಲವೂ ಆ ಕೆಂಪು ಗೆರೆಯ ಮೇಲೇ ಇದ್ದವು. ಅತ್ತಿಗೆಯ ಮುಖ ಅರಳಿತು. "ನೋಡಿದ್ಯಾ? ನಿಮ್ಮಣ್ಣ ಓಡಾಡೋ ಜಾಗ ಎಲ್ಲ ಇದರಲ್ಲೇ ಇದೆ. ಭಾನುವಾರ ಭಾನುವಾರ ಒಂದೊಂದು ಕಡೆ ಹೋಗಿ ಕೂತ್ಕೋತಾರೆ. ನಾವೂ ಹೋಗಿ ಕೂತ್ಕೊಳೋಣ."

ಕೂತೆವು. ಮೊದಲ ಫೋಟೋದ ಮೆಟ್ಟಿಲ ಮೇಲೆ, ಅಣ್ಣ ಕೂತ ಅದೇ ಮೆಟ್ಟಿಲು ಹುಡುಕಿ ಅತ್ತಿಗೆ ಕೂತರು. ಗೋಪುರದ ಮುಂದೆ ನಿಂತೆವು. ಗಂಟೆಯಿದ್ದ ದೇವಸ್ಥಾನದಲ್ಲಿ ಅತ್ತಿಗೆ ಚಪ್ಪಲಿ ದೂರ ಬಿಟ್ಟು, ತಣ್ಣಗೆ ಕೊರೆಯುವ ಕಲ್ಲಿನ ಮೇಲೆ ಬರಿಗಾಲಲ್ಲಿ ಮೂರು ಸುತ್ತು ಬಂದರು. ಉಳಿದ ಪ್ರವಾಸಿಗರು ಬೂಟು ಹಾಕಿಕೊಂಡೇ ಇವರನ್ನು ನೋಡಿದರು. ಅಂಗಡಿಯವರಿಗೆ, ದೋಣಿಯ ಟಿಕೆಟಿನವನಿಗೆ, ಬೆಕ್ಕುಗಳಿಗೆ ತಿಂಡಿ ಹಾಕುತ್ತಿದ್ದ ಹೆಂಗಸಿಗೆ, ಎಲ್ಲರಿಗೂ ಫೋಟೋ ತೋರಿಸಿದೆ. ಎಲ್ಲರೂ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣು ಕಿರಿದು ಮಾಡಿ ನೋಡಿ, ಹಲ್ಲಿನ ಸಂದಿಯಿಂದ ಉಸಿರೆಳೆದು, ನಮಗಿಂತ ಹೆಚ್ಚು ಬೇಜಾರಾದವರ ಹಾಗೆ ತಲೆ ಬಗ್ಗಿಸಿ ಹಿಂದಕ್ಕೆ ಕೊಟ್ಟರು. ಒಬ್ಬರಾದರೂ ಗದರಿಸಿ ಕಳಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಎರಡು ಮೂರು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಗುಡ್ಡದ ಮೇಲಿನ ಪಾರ್ಕಿನಲ್ಲಿ, ಅಣ್ಣ ಹೂವಿನ ಕೊಂಬೆ ಎಳೆದು ಹಿಡಿದು ನಿಂತ ಫೋಟೋದ ಜಾಗ ಹುಡುಕುತ್ತಿದ್ದೆವು. ಸಮುದ್ರ ಕಾಣುವ ಕಬ್ಬಿಣದ ಬೇಲಿ ಸಿಕ್ಕಿತು, ಬೆಂಚು ಸಿಕ್ಕಿತು. ಹೂವಿನ ಮರ ಮಾತ್ರ ಇಲ್ಲ. ಅಲ್ಲಿದ್ದದ್ದು ಎಲೆ ಕೆಂಪಾಗಿ ಉದುರಿ, ಅರ್ಧ ಬೋಳಾಗಿದ್ದ ಒಂದು ಮರ.

"ಕಡಿದು ಹಾಕಿರ್ಬೇಕು" ಎಂದರು ಅತ್ತಿಗೆ.

ಸಂಜೆ ವಸತಿಮನೆಯ ಅಜ್ಜಿಗೆ ಆ ಫೋಟೋ ತೋರಿಸಿ, ಈ ಮರ ಎಲ್ಲಿ ಎಂದು ಕೇಳಿದೆ. ಅವರು ನಕ್ಕು, ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ ಹೋಗಿ ಏಪ್ರಿಲಿನಲ್ಲಿ ನಿಂತು, ಮೊದಲ ವಾರದ ಮೇಲೆ ಬೆರಳಾಡಿಸಿ, ಮತ್ತೆ ಎರಡೂ ಕೈಯನ್ನು ಪುರ್ ಎಂದು ಹಾರಿಸಿ ತೋರಿಸಿದರು. ಹೂವು ಇರುವುದು ಅಷ್ಟೇ ದಿನ. ಆಮೇಲೆ ಉದುರಿತು, ಮುಗಿಯಿತು. ಮಿಕ್ಕ ಫೋಟೋಗಳನ್ನೂ ಹರಡಿದೆ. ಅಜ್ಜಿ ಒಂದೊಂದರಲ್ಲೂ ಹೂವನ್ನು ಮುಟ್ಟಿ ಮುಟ್ಟಿ ಏಪ್ರಿಲ್, ಏಪ್ರಿಲ್ ಎನ್ನುತ್ತಾ ಹೋದರು. ಆಷಾಢದಲ್ಲಿ ಬಂದದ್ದು, ಶ್ರಾವಣದಲ್ಲಿ ಬಂದದ್ದು, ಗೌರಿ ಹಬ್ಬಕ್ಕೆ ಅತ್ತಿಗೆಗೆಂದೇ ಕಳಿಸಿದ್ದು. ಎಲ್ಲಾ ಏಪ್ರಿಲ್.

ನಾವು ಜಪಾನೆಂದರೆ ಹಾಗೇ ಎಂದುಕೊಂಡಿದ್ದೆವು. ನಮ್ಮ ಹಿತ್ತಲಿನ ಕಣಗಿಲೆ ಹನ್ನೆರಡು ತಿಂಗಳೂ ಬಿಡುವ ಹಾಗೆ ಅಲ್ಲಿ ಆ ಹೂವು ಯಾವಾಗಲೂ ಇರುತ್ತದೆ ಎಂದು. ನಾನು ಸಮಾಜ ವಿಜ್ಞಾನದ ಟೀಚರು, ಜಪಾನಿನ ದ್ವೀಪಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವವಳು. ನನ್ನ ತಲೆಗೆ ಬೆಂಕಿ ಹಾಕ.

ಅದೇ ನೀಲಿ ಶರಟು. ಅದೇ ಒಂದೆರಡು ದಿನದ ಗಡ್ಡ. ಎಡ ಹೆಬ್ಬೆರಳಿಗೆ ಸುತ್ತಿದ ಅದೇ ಬ್ಯಾಂಡೇಜು. ಅಣ್ಣ ಆ ಊರು ನೋಡಿದ್ದು ಒಂದೇ ಒಂದು ದಿನ. ರಜೆ ಸಿಕ್ಕ ಯಾವುದೋ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಆ ಕೆಂಪು ಗೆರೆಯುದ್ದಕ್ಕೂ ನಡೆದು, ಸಿಕ್ಕಿದ ಕಡೆಯೆಲ್ಲ ನಿಂತು ನಕ್ಕು, ನಮಗೆ ಆರು ತಿಂಗಳಿಗಾಗುವಷ್ಟು ಖುಷಿಯನ್ನು ಒಂದೇ ಏಟಿಗೆ ತೆಗೆದಿಟ್ಟುಕೊಂಡಿದ್ದ. ಆಮೇಲಿನ ಭಾನುವಾರಗಳಲ್ಲಿ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ, ಉಂಡನೋ ಬಿಟ್ಟನೋ ದೇವರಿಗೇ ಗೊತ್ತು. ನನಗೆ ಅಳು ಬರಲಿಲ್ಲ. ಕೈಗೆ ಸಿಕ್ಕಿದ್ದರೆ ಎರಡು ಬಾರಿಸುತ್ತಿದ್ದೆ.

ಅತ್ತಿಗೆ ಫೋಟೋಗಳನ್ನು ಜೋಡಿಸಿ ಕವರಿಗೆ ಹಾಕಿದರು. ಆಮೇಲೆ, "ಸರಿ ಬಿಡು. ಊರು ಸುತ್ತೋದ್ರಿಂದ ಸಿಗಲ್ಲ ಅಂತಾಯ್ತು" ಎಂದರು. "ವೆಲ್ಡಿಂಗ್ ಬಿಟ್ರೆ ಆ ಮನುಷ್ಯನಿಗೆ ಇನ್ನೇನು ಬರುತ್ತೆ ಹೇಳು? ಹಡಗು ಇದ್ದ ಕಡೆನೇ ಇರ್ಬೇಕು. ನಾಳೆಯಿಂದ ಗೇಟಿಗೆ ಹೋಗೋಣ."

ಗೇಟು ಎಂದರೆ ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೈರನ್ ಕೂಗಿತೆಂದರೆ ಇಡೀ ಶಿಫ್ಟಿನ ಜನ ಆ ಒಂದು ಗೇಟಿನಿಂದ ಹೊರಗೆ ಬರುತ್ತಿದ್ದರು. ಯಾರದೇ ಗಂಡ ಬೇಕಾದರೂ, ಯಾರದೇ ಅಪ್ಪ ಬೇಕಾದರೂ ಅಲ್ಲಿ ನಿಂತರೆ ಸಾಕು. ಸಂಬಳದ ದಿನ ಗಂಡ ಹೆಂಡದಂಗಡಿಗೆ ತಿರುಗಬಾರದೆಂದು ನಿಲ್ಲುವ ಹೆಂಗಸರು, ಊರಿಂದ ಬಂದ ನೆಂಟರು, ತಾಯಿಗೆ ಹುಷಾರಿಲ್ಲವೆಂದು ಓಡಿಬಂದವರು, ಎಲ್ಲರೂ ಅಲ್ಲೇ. ಅತ್ತಿಗೆ ಮದುವೆಯಾದ ಹೊಸತರಲ್ಲಿ ಅಲ್ಲೇ ನಿಂತು ಅಣ್ಣನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗೇಟಿನಲ್ಲಿ ನಿಂತರೆ ಮನುಷ್ಯ ಸಿಕ್ಕೇ ಸಿಗುತ್ತಾನೆ ಎಂಬುದು ನಮ್ಮ ರಕ್ತದಲ್ಲೇ ಇತ್ತು.

ಹಡಗು ಕಟ್ಟೆ ಎದುರಿನ ದ್ವೀಪದಲ್ಲಿತ್ತು. ಮಾರನೇ ದಿನ ಮಧ್ಯಾಹ್ನ ಅತ್ತಿಗೆ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದರು. ಕುಂಕುಮದಂಥ ಕೆಂಪು, ಹಸಿರು ಅಂಚು. ಅಣ್ಣನಿಗೆ ಕೆಲಸವಿದ್ದ ಕೊನೆಯ ದೀಪಾವಳಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಾನೇ ನಿಂತು ಆರಿಸಿ ತಂದದ್ದು. "ಎಲ್ಲರೂ ಕರಿ ಕೋಟು ಹಾಕ್ಕೊಂಡು ಓಡಾಡೋ ಊರು. ಇದಾದ್ರೆ ದೂರದಿಂದ್ಲೇ ಕಣ್ಣಿಗೆ ಬೀಳುತ್ತೆ" ಎಂದು ನಾಚಿಕೊಂಡು ಉಟ್ಟರು. ಹೊರಗೆ ಗಾಳಿ ಚೂರಿಯ ಹಾಗೆ ಕೊಯ್ಯುತ್ತಿತ್ತು. ಅಜ್ಜಿ ತಮ್ಮ ಗಂಡನ ಹಳೆಯ ಜರ್ಕಿನ್ ತಂದುಕೊಟ್ಟರು. ಮಣಿಗಂಟು ಮುಚ್ಚುವ ತೋಳು, ಮೊಣಕಾಲು ಮುಟ್ಟುವ ಉದ್ದ, ತಲೆಗೂ ಟೊಪ್ಪಿ.

"ಬೇಡ ಕಣೇ, ಸೀರೆ ಮುಚ್ಚೋಗುತ್ತೆ" ಎಂದರು ಅತ್ತಿಗೆ.

"ಅತ್ತಿಗೆ, ನಿಮಗೆ ಇಲ್ಲಿ ನ್ಯುಮೋನಿಯಾ ಬಂದ್ರೆ ನಾನು ನಿಮ್ಮಪ್ಪನಿಗೆ ಏನು ಮುಖ ತೋರಿಸ್ಲಿ? ಸುಮ್ನೆ ಹಾಕ್ಕೊಳಿ" ಎಂದು ನಾನೇ ತೊಡಿಸಿ, ಜಿಪ್ ಎಳೆದು, ಟೊಪ್ಪಿ ಕಟ್ಟಿದೆ.

ದೋಣಿಯಲ್ಲಿ ದಾಟಿ ಹೋಗಿ ಗೇಟಿನ ಎದುರು ನಿಂತೆವು. ನೆನೆದ ಕಬ್ಬಿಣ, ಡೀಸೆಲ್ಲು, ಮೀನು, ಅದೇ ವಾಸನೆ. ಕೆಲಸ ಬಿಟ್ಟ ಮೇಲೆ ಸೈಕಲ್ಲುಗಳ ಸಾಲು ಹೊರಟಿತು. ಎಲ್ಲರಿಗೂ ಒಂದೇ ಥರದ ಬೂದಿ ಬಟ್ಟೆ, ಒಂದೇ ಥರದ ಹೆಲ್ಮೆಟ್ಟು. ಅತ್ತಿಗೆ ತುದಿಗಾಲಲ್ಲಿ ನಿಂತು ಒಂದೊಂದೇ ಮುಖ ನೋಡಿದರು. ಕೊನೆಯ ಸೈಕಲ್ ಹೋಗಿ, ಕಾವಲಿನವನು ಗೇಟು ಎಳೆದು, ನಮಗೂ ಒಂದು ನಮಸ್ಕಾರ ಮಾಡಿದ. ಮಾರನೇ ದಿನವೂ ಹೀಗೇ. ಅದರ ಮಾರನೇ ದಿನವೂ. ದಿನಾ ಸೀರೆಯ ನೆರಿಗೆ ಹೊಸದಾಗಿ ತೀಡಿಕೊಂಡು ಹೋಗುವುದು, ಕತ್ತಲಾಗುವ ಮೊದಲು ದೋಣಿ ಹತ್ತುವುದು.

ಹೊರಡುವುದಕ್ಕೆ ಮುಂಚಿನ ಸಂಜೆ ದೋಣಿ ಕಾಯುತ್ತಾ ನಿಂತಿದ್ದಾಗ ಒಬ್ಬ ಕಪ್ಪು ಮನುಷ್ಯ ನಮ್ಮ ಸುತ್ತ ಎರಡು ಸಲ ಸುಳಿದಾಡಿ, ಕೊನೆಗೆ ನನ್ನ ಹತ್ತಿರ ಬಂದು, "ನೀಂಗ ಭದ್ರಾವತಿಯಾ?" ಎಂದು ತಮಿಳಿನಲ್ಲಿ ಕೇಳಿದ. ಸೆಲ್ವಂ ಎಂದು ಹೆಸರು, ತೂತ್ತುಕುಡಿ ಕಡೆಯವನು. ಕ್ವಾರ್ಟರ್ಸಿನಲ್ಲಿ ಕಲಿತ ತಮಿಳು ನನ್ನ ಉಪಯೋಗಕ್ಕೆ ಬಂದದ್ದು ಅವತ್ತು. ಅತ್ತಿಗೆಗೆ ಆ ಭಾಷೆಯ ಗಂಧವಿಲ್ಲ. ಪಕ್ಕದಲ್ಲಿ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದರು.

ಅವನು ಹೇಳಿದ್ದಿಷ್ಟು. ಅಣ್ಣ ಮೊದಲಿನ ಕಂಪನಿ ಬಿಟ್ಟದ್ದು ನಿಜ. ಕೈ ನಡುಗತೊಡಗಿ ವೆಲ್ಡಿಂಗಿಗೆ ಬೇಡವೆಂದರು. ಆಮೇಲೆ ಇವನ ಜೊತೆ ಸಣ್ಣ ಗುತ್ತಿಗೆದಾರನೊಬ್ಬನ ಹತ್ತಿರ ಸೇರಿ, ಹಡಗಿನ ಹೊಟ್ಟೆಯ ತುಕ್ಕು ಕೆರೆಯುತ್ತಿದ್ದ. ಇದೇ ಹಡಗು ಕಟ್ಟೆಯಲ್ಲಿ. ಗುತ್ತಿಗೆಯವರು ಈ ದೊಡ್ಡ ಗೇಟಿನಲ್ಲಿ ಬರುವುದಿಲ್ಲ. ಹಿಂದುಗಡೆ ಇನ್ನೊಂದು ಗೇಟಿದೆ, ಅಲ್ಲಿಗೇ ವ್ಯಾನು ಬರುತ್ತದೆ. ನಾವು ಗೇಟಿಗೆ ಬಂದ ಮೊದಲನೇ ದಿನವೇ ಅಣ್ಣ ಕ್ರೇನಿನ ಶೆಡ್ಡಿನ ಪಕ್ಕದಿಂದ ನಮ್ಮನ್ನು ನೋಡಿದ. ಬಹಳ ಹೊತ್ತು ನೋಡುತ್ತಾ ನಿಂತಿದ್ದ. ರೂಮಿಗೆ ಬಂದವನೇ ಬ್ಯಾಗು ತುಂಬಿಕೊಂಡ. ಬೆಳಿಗ್ಗೆ ಇರಲಿಲ್ಲ.

"ನಿಲ್ಲಿಸಬಾರದಿತ್ತಾ?" ಎಂದೆ. ಧ್ವನಿ ಏರಿತ್ತು.

"ಹೇಳಿದೆ ತಂಗಚ್ಚಿ. ಹೋಗಿ ಮಾತಾಡು ಅಂದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದ." ಸೆಲ್ವಂ ಅತ್ತಿಗೆಯ ಕಾಲ ಕಡೆ ನೋಡಿ ತಕ್ಷಣ ಕಣ್ಣು ತಿರುಗಿಸಿಕೊಂಡ. ಜರ್ಕಿನ್ನಿನ ಕೆಳಗೆ ಮೊಣಕಾಲಿನಿಂದ ಪಾದದವರೆಗೆ ಕೆಂಪು ಸೀರೆ, ಹಸಿರು ಅಂಚು. "ಗುರುತು ಹಿಡಿದದ್ದೇ ಅದನ್ನು ನೋಡಿ. ನಾನು ಕೊಡಿಸಿದ ಸೀರೆ ಉಟ್ಟುಕೊಂಡು ಬಂದಿದ್ದಾಳೆ ಅಂದ. ಅಷ್ಟು ಅಂದು ಬ್ಯಾಗು ಎಳೆದುಕೊಂಡ."

"ಏನಂತೆ? ಏನಂತೆ ಸುಮಾ?" ಅತ್ತಿಗೆ ನನ್ನ ತೋಳು ಅಲ್ಲಾಡಿಸುತ್ತಿದ್ದರು.

ಹೇಳಿದೆ. ಇಲ್ಲೇ ಇದ್ದ. ತುಕ್ಕು ಕೆರೆಯುತ್ತಿದ್ದ. ಹಿಂದಿನ ಗೇಟಿನಲ್ಲಿ ಹೋಗಿಬರುತ್ತಿದ್ದ. ನಮ್ಮನ್ನು ನೋಡಿದ. ನೋಡಿ ಹೋದ. ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಸೀರೆಯ ಮಾತೊಂದು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು.

ದೋಣಿ ಬಂತು, ಜನ ಇಳಿದರು, ಹತ್ತಿದರು. ಅತ್ತಿಗೆ ಅಲುಗಾಡಲಿಲ್ಲ. ಆಮೇಲೆ ಜರ್ಕಿನ್ನಿನ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿಕೊಂಡರು. "ನನ್ನ ನೋಡಿಲ್ಲ ಅವ್ರು. ನಿನ್ನ ನೋಡಿರೋದು. ತಂಗಿ ಬಯ್ಯೋಕೆ ಬಂದಿದಾಳೆ ಅಂತ ಹೆದರ್ಕೊಂಡು ಹೋಗಿದಾರೆ. ಈ ಜರ್ಕಿನ್‌ನಲ್ಲಿ ನನ್ನ ಗುರುತು ನನಗೇ ಸಿಗಲ್ಲ, ಅವ್ರಿಗೆ ಹ್ಯಾಗೆ ಸಿಗುತ್ತೆ?" ಎಂದರು. "ಹಾಕ್ಸಿದ್ದು ನೀನು."

"ಹೌದು ಅತ್ತಿಗೆ" ಎಂದೆ.

ಆ ಊರಿನಲ್ಲಿ ಸೀರೆ ಉಟ್ಟವರು ಇನ್ನಾರಿದ್ದರು? ಒಂದು ಕ್ಷಣ ಯೋಚಿಸಿದರೆ ಅವರಿಗೇ ತಿಳಿಯುತ್ತಿತ್ತು. ಅವರು ಯೋಚಿಸಲಿಲ್ಲ. ಇವತ್ತಿಗೂ ಯೋಚಿಸಿಲ್ಲ.

ಆಮೇಲೆ ಏನೂ ಆಗಲಿಲ್ಲ. ಸೆಲ್ವಂ ಕೊಟ್ಟ ನಂಬರಿಗೆ ಆಗೀಗ ಮಾಡುತ್ತಿದ್ದೆ, ಅವನಿಗೂ ಏನೂ ಗೊತ್ತಿರಲಿಲ್ಲ. ಒಂದು ದಿನ ಅದೂ ಕೆಲಸ ಮಾಡುವುದು ನಿಂತಿತು. ಅಣ್ಣ ಬರುವುದಿಲ್ಲ. ನನಗದು ಗೊತ್ತು, ಹೇಳುವ ಧೈರ್ಯವೂ ಇದೆ, ಹೇಳಿ ಏನಾಗಬೇಕು ಎಂಬುದು ಗೊತ್ತಿಲ್ಲ. ಅತ್ತಿಗೆ ನನ್ನ ಜೊತೆ ರವೀಂದ್ರನಗರದ ಬಾಡಿಗೆ ಮನೆಯಲ್ಲಿದ್ದಾರೆ. ಚಳಿ ಶುರುವಾದಾಗ ಸೀರೆ ತೆಗೆದು ನೆರಳಲ್ಲಿ ಹರವಿ, ಮಡಿಕೆ ಬದಲಾಯಿಸಿ ಇಡುತ್ತಾರೆ. ಬೇರೆ ಯಾವ ಮದುವೆಗೂ ಮುಂಜಿಗೂ ಉಡುವುದಿಲ್ಲ. ಮುಂದಿನ ಸಲಕ್ಕೆ ಬೇಕಂತೆ.

ನಾಮಕರಣದ ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮ ಕ್ವಾರ್ಟರ್ಸಿನ ಹಳೆಯ ನೆರೆಯವರು ಕಮಲಕ್ಕ ಎದುರಿಗೆ ಸಿಕ್ಕರು. ಸಾರು ಕಲಸುತ್ತಾ, "ಮಂಜನ ಸಮಾಚಾರ ಏನಾದ್ರೂ ಗೊತ್ತಾಯ್ತೇನಮ್ಮ ಗಿರಿಜಾ?" ಎಂದು ಕೇಳಿದರು.

"ಇಲ್ಲ ಕಮಲಕ್ಕ. ಅವತ್ತೇ ಸಿಕ್ಬಿಡ್ತಿದ್ರು" ಎಂದರು ಅತ್ತಿಗೆ. "ಅವ್ರು ಕೊಡ್ಸಿದ ಕೆಂಪು ಸೀರೆನೇ ಉಟ್ಕೊಂಡು ಹೋಗಿದ್ದೆ. ಇವಳು ನೋಡಿ, ಚಳಿ ಚಳಿ ಅಂತ ಅದರ ಮೇಲೆ ಜರ್ಕಿನ್ ಹಾಕ್ಸಿದ್ಲು. ಸೀರೆ ಒಂದು ಕಣ್ಣಿಗೆ ಬಿದ್ದಿದ್ರೆ ಅವ್ರು ಓಡಿ ಬರ್ತಿದ್ರು."

ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನನ್ನನ್ನು ನೋಡಿದರು. ಕಮಲಕ್ಕ, "ಅಯ್ಯೋ, ಎಂಥ ಕೆಲಸ ಮಾಡ್ದೆ ಸುಮಾ" ಎಂದರು.

"ನನ್ನ ಬುದ್ಧಿಗೆ ಅಷ್ಟು ಹೊಳೀಲಿಲ್ಲ ಕಮಲಕ್ಕ" ಎಂದೆ. "ತುಂಬಾ ಚಳಿ ಇತ್ತು."

ಅತ್ತಿಗೆ ತಮ್ಮ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕಿದರು. "ಹೋಗ್ಲಿ ಬಿಡು, ನೀನೇನು ಬೇಕಂತ ಮಾಡಿದ್ಯಾ" ಎಂದರು.